ಲಸಿಕೆಯ ನೋವು ತಗ್ಗಿಸಲು ಎದೆಹಾಲು, ಮಡಿಲು ಮತ್ತು ಒಂದು ಕುರ್ಚಿ



ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯಂತೆ 6 ವಾರದ ಶಿಶುವಿಗೆ ಒಂದೇ ದಿನ ಮೂರು ಚುಚ್ಚುಮದ್ದುಗಳನ್ನು ನೀಡಲಾಗುತ್ತದೆ: ಎಡತೊಡೆಗೆ ಪೆಂಟಾವಲೆಂಟ್, ಬಲತೊಡೆಗೆ ಪಿಸಿವಿ, ಬಲತೋಳಿಗೆ ಪೋಲಿಯೊ. 10ನೇ ವಾರದಲ್ಲಿ ಒಂದು, 14ನೇ ವಾರದಲ್ಲಿ ಮತ್ತೆ ಮೂರು. ಮೊದಲ ದಿನದ ಅಳುವನ್ನು ಕಂಡ ಮನೆಯವರು ಮುಂದಿನ ಸರದಿಗೆ ಹಿಂಜರಿಯುವುದುಂಟು. ಆದರೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳಿಂದ ರಕ್ಷಣೆಗೆ ಒಂದು ಸರದಿ ಸಾಲದು. ಆದ್ದರಿಂದ ಶಿಶುವಿನ ನೋವನ್ನು ತಗ್ಗಿಸುವುದು ಲಸಿಕಾ ಕಾರ್ಯದ ಭಾಗವೇ ಆಗಿದೆ. ವಿಶ್ವ ಆರೋಗ್ಯ ಸಂಸ್ಥೆಯೂ 2015ರಲ್ಲಿ ಈ ಕುರಿತು ಶಿಫಾರಸುಗಳನ್ನು ನೀಡಿದೆ. ಅವುಗಳಲ್ಲಿ ಮುಖ್ಯವಾದವಕ್ಕೆ ಔಷಧಿ ಬೇಕಿಲ್ಲ.

ತಾಯಿ ತಿಳಿದಿರಬೇಕಾದುದು

1. ಬಾಯಿಗೆ ಹಾಕುವ ಹನಿಗಳು ಮೊದಲು ಮುಗಿಯಲಿ. ಅನಂತರ ಮಗುವಿಗೆ ಎದೆಹಾಲು ಕುಡಿಸಲು ಆರಂಭಿಸಬೇಕು. ಮಗು ಚೆನ್ನಾಗಿ ಚೀಪತೊಡಗಿದ ಮೇಲೆ ಚುಚ್ಚುಮದ್ದು ನೀಡುವುದು ಉತ್ತಮ. ಚುಚ್ಚುವಾಗಲೂ ಅನಂತರವೂ ಹಾಲು ಬಿಡಿಸಬೇಕಿಲ್ಲ. ಚೀಪುವಿಕೆ, ತಾಯಿಯ ಮೈಯ ಬಿಸುಪು, ಹಾಲಿನ ಸಿಹಿ ಮೂರೂ ಸೇರಿ ಶಿಶುವನ್ನು ಸಂತೈಸುತ್ತವೆ.

2. ಮಗುವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಕೈಕಾಲು ಅದುಮಿ ಹಿಡಿಯಬಾರದು. ಮಡಿಲಲ್ಲಿ ಅಪ್ಪಿ ಹಿಡಿದು, ಚುಚ್ಚಬೇಕಾದ ಕಾಲನ್ನು ಮಾತ್ರ ಅಲುಗದಂತೆ ನೋಡಿಕೊಳ್ಳಬೇಕು. ತಾಯಿ ಬಾರದಿದ್ದಲ್ಲಿ ತಂದೆಯೋ ಅಜ್ಜಿಯೋ ಹೀಗೆಯೇ ಹಿಡಿಯಬಹುದು.

3. ಹೆಚ್ಚು ನೋಯುವ ಲಸಿಕೆ ಕೊನೆಗಿರಬೇಕು. ಈ ತೀರ್ಮಾನ ಆರೋಗ್ಯ ಸಿಬ್ಬಂದಿಯದು.

4. ಚುಚ್ಚಿದ ಜಾಗವನ್ನು ಉಜ್ಜಬಾರದು. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸುವುದು ಅಪಾಯಕರ. ಮುಂಚಿತವಾಗಿ ಜ್ವರದ ಔಷಧಿ ಕುಡಿಸಿದರೆ ಸೂಜಿಯ ನೋವು ತಪ್ಪದು. ಅನಂತರ ಜ್ವರ ಬಂದಲ್ಲಿ ಆರೋಗ್ಯ ಸಿಬ್ಬಂದಿಯ ಸಲಹೆಯಂತೆ ನಡೆಯಬೇಕು.

ಪಂಚಾಯಿತಿ ಮಾಡಬೇಕಾದುದು

ಹತ್ತು ಜನರೆದುರು, ನಿಂತುಕೊಂಡು, ತಾಯಿ ಹಾಲುಣಿಸಲಾರಳು. ಎಷ್ಟೇ ತಿಳಿವಳಿಕೆ ನೀಡಿದರೂ ಸ್ಥಳವೇ ಅನುಕೂಲವಾಗಿಲ್ಲದಿದ್ದರೆ ಅದು ವ್ಯರ್ಥ. ಈ ಕೊರತೆಯನ್ನು ನೀಗಿಸುವುದು ನಮ್ಮ ಕೈಯಲ್ಲಿದೆ.

• ಲಸಿಕೆ ನೀಡುವ ಅಂಗನವಾಡಿಯಲ್ಲಿ ಬೆನ್ನಾನಿಕೆಯುಳ್ಳ, ತೋಳಿಲ್ಲದ ಒಂದು ಕುರ್ಚಿ ಮತ್ತು ಮರೆಗೆ ಒಂದು ಪರದೆ ಇರಲಿ. ತೋಳಿಲ್ಲದಿದ್ದರೆ ಮಗುವಿನ ತೊಡೆ ಸಿಬ್ಬಂದಿಗೆ ಸುಲಭವಾಗಿ ಸಿಗುತ್ತದೆ.

• ಲಸಿಕೆಯ ನಂತರ ಅರ್ಧ ಗಂಟೆ ಅಲ್ಲಿಯೇ ಕಾಯಬೇಕಾಗುತ್ತದೆ. ಅದಕ್ಕೆ ನೆರಳು, ಆಸನ, ಕುಡಿಯುವ ನೀರು ಅಗತ್ಯ.

• ಹಿಂದಿನ ದಿನವೇ ಆಶಾ ಕಾರ್ಯಕರ್ತೆಯ ಮೂಲಕ ಮಗುವಿಗೆ ಸಡಿಲ ಉಡುಪು ತೊಡಿಸಿ, ತಾಯಿ ಕಾರ್ಡಿನೊಂದಿಗೆ ಬರುವಂತೆ ತಿಳಿಸಿರಿ.

• ಸರದಿ ತಪ್ಪಿದ ಮಕ್ಕಳ ಪಟ್ಟಿ ಪಡೆದು ಅವರ ಮನೆಗಳಿಗೆ ಭೇಟಿ ನೀಡಿರಿ. ಗದರಿಸದೆ, ನೋವು ತಗ್ಗಿಸುವ ಕ್ರಮವನ್ನು ವಿವರಿಸಿರಿ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಯಲ್ಲಿ ಕುರ್ಚಿ ಮತ್ತು ಪರದೆಯ ವಿಷಯವನ್ನು ಮಂಡಿಸಿ ನಿರ್ಣಯ ಕೈಗೊಳ್ಳಲು ಕೋರಲಾಗಿದೆ. ಸಭೆಗೆ ಮುನ್ನ ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಲಸಿಕಾ ಸ್ಥಳವನ್ನು ಒಮ್ಮೆ ಕಂಡು, ತಾಯಿ ಎಲ್ಲಿ ಕುಳಿತುಕೊಳ್ಳುತ್ತಾಳೆ ಎಂಬುದನ್ನು ಗಮನಿಸಿ ಬರಬೇಕು.