ಮಗುವಿನ ಮಾಹಿತಿ ಮೊಬೈಲ್ ಫಾರಂನಲ್ಲಿ: ನಾವು ತಿಳಿದಿರಬೇಕಾದ ವಿಷಯಗಳು



ಸಂಘದ ಲೆಕ್ಕ ಸರಿಯಾಗಿ ಬರೆಯಬೇಕು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಳಿತಾಯದ ಹಣ ಕೊಟ್ಟದ್ದು ನಿಜವಾದರೂ ಪುಸ್ತಕದಲ್ಲಿ ಏರದಿದ್ದರೆ ಸಾಲ ಕೇಳುವ ದಿನ ಅದು ಲೆಕ್ಕಕ್ಕೇ ಬರುವುದಿಲ್ಲ. ವಿಶೇಷ ಅಗತ್ಯವುಳ್ಳ ಮಕ್ಕಳ ವಿಷಯವೂ ಈಗ ಹೀಗೇ ಆಗಿದೆ. ಕಿವಿ ಕೇಳದ, ಕಣ್ಣು ಮಂದವಾದ, ನಡೆಯಲಾಗದ, ಬುದ್ಧಿ ಬೆಳವಣಿಗೆ ನಿಧಾನವಾದ ಮಗು ನಮ್ಮ ಕಣ್ಣ ಮುಂದೆಯೇ ಇರುತ್ತದೆ. ಆದರೆ ಕಂಪ್ಯೂಟರಿನ ಫಾರಂನಲ್ಲಿ ಇಲ್ಲದಿದ್ದರೆ ಅದಕ್ಕೆ ಸಿಗಬೇಕಾದ ಸೌಲಭ್ಯ ಮನೆ ಬಾಗಿಲಿಗೆ ಬರುವುದಿಲ್ಲ. ಆದ್ದರಿಂದ ಈ ಪಾಠದಲ್ಲಿ ಆ ಫಾರಂಗಳ ಬಗ್ಗೆ ತಿಳಿಯೋಣ.

1. ಯಾರು, ಎಲ್ಲಿ ಬರೆಯುತ್ತಾರೆ?

ಮೊದಲನೆಯದು ಶಾಲೆಯ ದಾಖಲೆ. ಕರ್ನಾಟಕದ ಶಾಲಾ ಮಕ್ಕಳ ವಿವರ 'ಸ್ಯಾಟ್ಸ್' ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿದೆ. ಪ್ರತಿ ಮಗುವಿಗೂ ಅದರಲ್ಲಿ ಒಂದು ನಂಬರ್ ಇರುತ್ತದೆ. ದೇಶಕ್ಕೆಲ್ಲ ಸೇರಿ 'ಯುಡೈಸ್ ಪ್ಲಸ್' ಇದೆ. 2022-23ರಿಂದ ಅದರಲ್ಲಿ ಶಾಲೆಯ ಒಟ್ಟು ಸಂಖ್ಯೆ ಮಾತ್ರವಲ್ಲ, ಒಬ್ಬೊಬ್ಬ ಮಗುವಿನ ವಿವರವನ್ನೂ ತುಂಬುತ್ತಾರೆ. ಮಗುವಿಗೆ ನ್ಯೂನತೆ ಇದೆಯೇ, ಯಾವ ಬಗೆಯದು ಎಂಬ ಕಾಲಂ ಅಲ್ಲಿದೆ.

ಎರಡನೆಯದು 'ಪ್ರಶಸ್ತ್' ಆ್ಯಪ್. ಎನ್.ಸಿ.ಇ.ಆರ್.ಟಿ. 2022ರಲ್ಲಿ ಇದನ್ನು ತಂದಿತು. ತರಗತಿಯ ಶಿಕ್ಷಕರು ಮಗುವನ್ನು ಗಮನಿಸಿ ಮೊದಲು ತುಂಬುತ್ತಾರೆ. ಸಂಶಯ ಬಂದರೆ ವಿಶೇಷ ಶಿಕ್ಷಕರು ಮತ್ತೆ ನೋಡುತ್ತಾರೆ. ಇದು ಬರೀ ಗುರುತಿಸುವ ಕೆಲಸ, ಸರ್ಟಿಫಿಕೇಟ್ ಅಲ್ಲ.

ಮೂರನೆಯದು ಯು.ಡಿ.ಐ.ಡಿ. ಕಾರ್ಡ್. ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕಬೇಕು, ತಪಾಸಣೆ ಆಸ್ಪತ್ರೆಯಲ್ಲಿ ನಡೆಯುತ್ತದೆ. 2021ರ ಜೂನ್ 1ರಿಂದ ಅಂಗವೈಕಲ್ಯದ ಸರ್ಟಿಫಿಕೇಟನ್ನು ಈ ಪೋರ್ಟಲ್ ಮೂಲಕವೇ ಕೊಡಬೇಕೆಂದು ನಿಯಮವಾಗಿದೆ.

ನಾಲ್ಕನೆಯದು ಕಲಿಕೆಯ ದಾಖಲೆ. ಇದನ್ನು ವಿಶೇಷ ಶಿಕ್ಷಕರು ಇಡುತ್ತಾರೆ. ಕೆಲವು ಕಡೆ ಪುಸ್ತಕದಲ್ಲಿ, ಕೆಲವು ಕಡೆ ಮೊಬೈಲ್ ಫಾರಂನಲ್ಲಿ. ಮಗು ಅಂಗಿಯ ಗುಂಡಿ ಹಾಕುವುದನ್ನು ಕೈಹಿಡಿದು ಮಾಡಿಸಿದಾಗ ಮಾಡಿತೋ, ಹೇಳಿದಾಗ ಮಾಡಿತೋ, ತಾನಾಗಿಯೇ ಮಾಡಿತೋ ಎಂದು ದಿನವೂ ಗುರುತು ಹಾಕಿದರೆ ಮೂರು ತಿಂಗಳಲ್ಲಿ ಎಷ್ಟು ಮುಂದೆ ಬಂತು ಎಂದು ಕಾಣುತ್ತದೆ. ಮುಂದೆ ಏನು ಕಲಿಸಬೇಕು ಅಂತಲೂ ಗೊತ್ತಾಗುತ್ತದೆ.

2. ಕಾಲಂ ಖಾಲಿ ಬಿಟ್ಟರೆ ನಷ್ಟ ಯಾರಿಗೆ?

1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಷ್ಟೇ ಇದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳಿವೆ. ಆಟಿಸಂ, ಕಲಿಕಾ ನ್ಯೂನತೆ, ತಲಸ್ಸೀಮಿಯಾ ಇವೂ ಸೇರಿವೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. 5 ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ಮಾಡಬೇಕು ಎಂದೂ ಕಾಯ್ದೆ ಹೇಳುತ್ತದೆ.

2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಈ ಮಕ್ಕಳಿಗಾಗಿ ಬೇರೆ ಹಣ ಇಟ್ಟಿದ್ದಾರೆ. ಸಲಕರಣೆ, ಜೊತೆಗೆ ಬರುವವರ ಭತ್ಯೆ, ಹೆಣ್ಣುಮಕ್ಕಳಿಗೆ ಸ್ಟೈಪೆಂಡ್ ಇವೆಲ್ಲ ಅದರಲ್ಲಿವೆ. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಪಾಠ ಹೇಳುವ ವ್ಯವಸ್ಥೆಯೂ ಇದೆ. ಆದರೆ ಯಾವ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಫಾರಂ ನೋಡಿಯೇ ಲೆಕ್ಕ ಹಾಕುತ್ತಾರೆ. "ನಮ್ಮ ಮಗಳಿಗೆ ಏನೂ ಇಲ್ಲ, ಬರೆಯಬೇಡಿ, ನಾಳೆ ಮದುವೆಗೆ ತೊಂದರೆ" ಅಂತ ನಾವು ಹೇಳಿದರೆ ಆ ಮಗುವಿನ ಶ್ರವಣ ಯಂತ್ರ ಅಲ್ಲೇ ನಿಂತುಹೋಗುತ್ತದೆ. ಪಾಠ ಕೇಳಿಸದೆ ವರ್ಷಗಟ್ಟಲೆ ಹಿಂದಿನ ಬೆಂಚಿನಲ್ಲಿ ಕೂತ ಮಗುವನ್ನು ಕೊನೆಗೆ ಎಲ್ಲರೂ ದಡ್ಡಿ ಅಂತಾರೆ. ಇದು ಸರಿಯೇ?

3. ನಮ್ಮ ಕೊಡಗಿನಲ್ಲಿ ವಿಶೇಷವಾಗಿ ಗಮನಿಸಬೇಕಾದ್ದು

ಒಂದು, ಮನೆಯ ಭಾಷೆ. ನಮ್ಮಲ್ಲಿ ಕೊಡವ, ಅರೆಭಾಷೆ, ಯರವ, ಜೇನುಕುರುಬ, ಮಲಯಾಳಂ, ತುಳು, ತಮಿಳು ಆಡುವ ಮನೆಗಳಿವೆ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ಕುಟುಂಬಗಳೂ ಇವೆ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಮಗು ಸುಮ್ಮನೆ ಕೂತರೆ ಅದಕ್ಕೆ ಬುದ್ಧಿ ಕಡಿಮೆ ಎಂದಲ್ಲ, ಪ್ರಶ್ನೆಯೇ ಅರ್ಥವಾಗದೆ ಇರಬಹುದು. ಆದ್ದರಿಂದ "ಮನೆಯಲ್ಲಿ ಈ ಭಾಷೆ ಆಡುತ್ತೇವೆ" ಎಂದು ಶಿಕ್ಷಕರಿಗೂ ಡಾಕ್ಟರಿಗೂ ಮೊದಲೇ ಹೇಳಬೇಕು.

ಎರಡು, ಊರು ಬದಲಿಸುವುದು. ಲೈನ್ ಮನೆಯಲ್ಲಿರುವ ಕುಟುಂಬ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತದೆ. ಮಗುವಿನ ದಾಖಲೆ ಹಳೇ ಶಾಲೆಯಲ್ಲೇ ಉಳಿಯುತ್ತದೆ. ಹೊರಡುವ ಮುಂಚೆ ಸ್ಯಾಟ್ಸ್ ನಂಬರ್ ಕೇಳಿ ಬರೆದುಕೊಳ್ಳಿ. ಹೊಸ ಶಾಲೆಯಲ್ಲಿ ಅದನ್ನು ಕೊಟ್ಟು, ನ್ಯೂನತೆಯ ವಿವರವೂ ಬಂದಿದೆಯೇ ಅಂತ ಕೇಳಿ.

ಮೂರು, ಮೊಬೈಲ್ ನಂಬರ್. ಯು.ಡಿ.ಐ.ಡಿ. ಅರ್ಜಿಯ ಸಂದೇಶ ಅರ್ಜಿಯಲ್ಲಿ ಬರೆದ ನಂಬರಿಗೇ ಬರುತ್ತದೆ. ರೈಟರ್ ನಂಬರೋ ಪಕ್ಕದ ಮನೆಯವರ ನಂಬರೋ ಕೊಟ್ಟರೆ ಸಂದೇಶ ಅವರ ಫೋನಿನಲ್ಲೇ ಉಳಿಯುತ್ತದೆ. ಮನೆಯವರ ನಂಬರನ್ನೇ ಕೊಡಿ.

ನಾಲ್ಕು, ಮಳೆಗಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಎಂಬ ದಿನಗಳೇ ಹೆಚ್ಚು. ಅರ್ಜಿ ಹಾಕುವ ಕೆಲಸವನ್ನು ಮಳೆಗೆ ಮುಂಚೆ ಮುಗಿಸುವುದು ಒಳ್ಳೆಯದು. ಅರ್ಜಿ ನಂಬರನ್ನು ಕಾಗದದಲ್ಲೂ ಬರೆದಿಡಿ.

4. ಫಾರಂಗೆ ಮೊದಲು ಒಂದು ನೋಟ್‌ಬುಕ್

ಮಗುವಿಗಾಗಿ ಒಂದು ಚಿಕ್ಕ ನೋಟ್‌ಬುಕ್ ಇಡೋಣ. ಅದರಲ್ಲಿ:

- ಆಧಾರಿನಲ್ಲಿ ಇರುವ ಹಾಗೆಯೇ ಹೆಸರು, ಹುಟ್ಟಿದ ದಿನಾಂಕ. ಶಾಲೆಯಲ್ಲಿ ಬೇರೆ ಕಾಗುಣಿತ ಇದ್ದರೆ ಮೊದಲೇ ಸರಿಪಡಿಸಿ.
- ಸ್ಯಾಟ್ಸ್ ನಂಬರ್, ಯು.ಡಿ.ಐ.ಡಿ. ಅರ್ಜಿ ನಂಬರ್.
- ಹೆರಿಗೆಯ ಸಮಯದ ತೊಂದರೆ, ಫಿಟ್ಸ್, ಜ್ವರ, ಕೊಡುತ್ತಿರುವ ಔಷಧ.
- ಮಗು ಏನು ಮಾಡುತ್ತದೆ, ಯಾವುದಕ್ಕೆ ಸಹಾಯ ಬೇಕು.

ಕೊನೆಯದನ್ನು ಬರೆಯುವಾಗ ಮಾತು ಸ್ಪಷ್ಟವಾಗಿರಲಿ. "ಅವನಿಗೆ ಏನೂ ಬರೋದಿಲ್ಲ" ಎಂದರೆ ಶಿಕ್ಷಕರಿಗೆ ಏನೂ ತಿಳಿಯುವುದಿಲ್ಲ. "ಚಮಚದಲ್ಲಿ ತಿನ್ನುತ್ತಾನೆ, ತಟ್ಟೆ ತೊಳೆಯುತ್ತಾನೆ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ" ಎಂದರೆ ಎಲ್ಲಿಂದ ಕಲಿಸಬೇಕೆಂದು ತಿಳಿಯುತ್ತದೆ, ಕಿವಿ ಪರೀಕ್ಷೆ ಆಗಬೇಕು ಎಂದೂ ಹೊಳೆಯುತ್ತದೆ.

ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ, ಬ್ಲಾಕ್ ಮಟ್ಟದ ವಿಶೇಷ ಸಂಪನ್ಮೂಲ ಶಿಕ್ಷಕರನ್ನೂ ಕೇಳಿದರೆ ಫಾರಂ ತುಂಬಲು ಸಹಾಯ ಸಿಗುತ್ತದೆ. ತುಂಬಿದ ಮೇಲೆ "ಒಮ್ಮೆ ಓದಿ ಹೇಳಿ" ಅನ್ನೋಣ. ಸಂಕೋಚ ಬೇಡ.

5. ಮಗುವಿನ ಮಾಹಿತಿ ಊರಿನ ಮಾತಾಗಬಾರದು

ಕಾರ್ಡಿನ ಫೋಟೋವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಯಾರಾದರೂ ಲಿಂಕ್ ಕಳುಹಿಸಿ "ಇದನ್ನು ತುಂಬಿದರೆ ಹಣ ಬರುತ್ತದೆ" ಎಂದರೆ ಪಂಚಾಯಿತಿಯಲ್ಲಿ ಅಥವಾ ಶಾಲೆಯಲ್ಲಿ ವಿಚಾರಿಸದೆ ತುಂಬಬೇಡಿ. ಒ.ಟಿ.ಪಿ. ಹೇಳಬೇಡಿ. ಖಾಸಗಿ ಸಂಸ್ಥೆಯವರು ಮಾಹಿತಿ ಕೇಳಿದರೆ "ಯಾಕೆ ಬೇಕು, ಯಾರು ನೋಡುತ್ತಾರೆ?" ಎಂದು ಕೇಳುವುದು ನಮ್ಮ ಹಕ್ಕು. 18 ವರ್ಷದೊಳಗಿನವರ ಡಿಜಿಟಲ್ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿದೆ.

ಕೊನೆಗೆ ಒಂದು ಮಾತು. ಫಾರಂನಲ್ಲಿ ಬರೆಯುವುದು ಮಗುವಿನ ಕೊರತೆ ಸಾರುವುದಕ್ಕಲ್ಲ, ಅದಕ್ಕೆ ಸಲ್ಲಬೇಕಾದ್ದನ್ನು ಕೇಳುವುದಕ್ಕೆ. ಮಗುವನ್ನು ದಿನವೂ ನೋಡುವವರು ನಾವು. ನಾವು ಸರಿಯಾಗಿ ಹೇಳಿದರೆ ಮಾತ್ರ ಬರೆಯುವವರು ಸರಿಯಾಗಿ ಬರೆಯಬಹುದು.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ಸದಸ್ಯೆಯರ ಮನೆಗಳಲ್ಲಿ, ಅಕ್ಕಪಕ್ಕದ ಲೈನ್ ಮನೆ, ಹಾಡಿಗಳಲ್ಲಿ ಶಾಲೆಗೆ ಹೋಗದ ವಿಶೇಷ ಮಕ್ಕಳಿದ್ದಾರೆಯೇ?
2. ಅವರಲ್ಲಿ ಯಾರಿಗೆ ಯು.ಡಿ.ಐ.ಡಿ. ಕಾರ್ಡ್ ಇಲ್ಲ? ಯಾವ ಕಾರಣಕ್ಕೆ ನಿಂತಿದೆ?
3. ಆಸ್ಪತ್ರೆಗೆ ಹೋಗುವ ದಿನ ಕೂಲಿ ಬಿಡಬೇಕಾದ ತಾಯಿಯ ಜೊತೆ ನಮ್ಮಲ್ಲಿ ಯಾರು ಹೋಗಬಹುದು? ಬಸ್ ಖರ್ಚಿಗೆ ಸಂಘದಿಂದ ಏನು ಮಾಡಬಹುದು?

ಚರ್ಚೆಯ ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮಕ್ಕಳ ಹೆಸರು ಮಾತ್ರ ಅಲ್ಲಿ ಬೇಡ.