ಇಂದಿನ ಧಮ್ಮ ಚಿಂತನೆ: ಮೇಜಿನ ಮೇಲಿಟ್ಟ ಲೋಟ



ಕಳೆದ ತಿಂಗಳು ಮಗಳ ಜೊತೆ ಬೆಂಗಳೂರಿನಲ್ಲಿ ಒಂದು ಸಂಗೀತ ಕಾರ್ಯಕ್ರಮಕ್ಕೆ ಹೋಗಿದ್ದೆ. ಗೇಟಿನಲ್ಲಿ ನಮ್ಮ ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಂಡರು. "ನಾವು ಪಂಚಶೀಲದವರು, ಕುಡಿಯೋರಲ್ಲ" ಎಂದು ಸಿಟ್ಟಾದೆ. "ಅದಕ್ಕಲ್ಲ ಸರ್, ಮುಚ್ಚಳ ಹಾಕಿದ ತುಂಬಿದ ಬಾಟಲಿ ಎಸೆದ್ರೆ ಕಲ್ಲೇಟು ಬಿದ್ದ ಹಾಗೆ" ಎಂದ ಕಾವಲಿನ ಹುಡುಗ.

ಒಳಗೆ ಮಗಳು ಜ್ಯೂಸಿನ ಲೋಟ ಮೇಜಿನ ಮೇಲಿಟ್ಟು ಕುಣಿಯಲು ಹೋದಳು. ನಾನು ಹಾಡಿನಲ್ಲಿ ಮೈಮರೆತೆ. ಅವಳು ಬಂದು, "ನೋಡ್ಕೊಂಡಿದ್ಯಾ ಅಪ್ಪಾ?" ಎಂದಳು. ಇಲ್ಲ ಎನ್ನಬೇಕಾಯಿತು. ಸುಮ್ಮನೆ ಚೆಲ್ಲಿದಳು. ಕಣ್ಣು ತಪ್ಪಿದಾಗ ಯಾರಾದರೂ ಏನಾದರೂ ಬೆರೆಸಿದರೆ ಬಣ್ಣ, ರುಚಿಯಿಂದ ಗೊತ್ತಾಗದೆಯೂ ಇರಬಹುದು.

1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಸೇವಿಸುವುದಿಲ್ಲ ಎಂಬುದೂ ಒಂದು. ಅದನ್ನು ಪಾಲಿಸಿದ ಹೆಮ್ಮೆ ನನಗಿತ್ತು. ಆದರೆ ಐದನೇ ಶೀಲ ಮದ್ಯ ಬೇಡವೆನ್ನುವುದು, ಅದು ಪಮಾದಕ್ಕೆ, ಅಂದರೆ ಮೈಮರೆವಿಗೆ, ದಾರಿಯಾಗುತ್ತದೆ ಎಂದೇ. ನಾನು ಕುಡಿಯದೆಯೇ ಮೈಮರೆತಿದ್ದೆ.

ಇಂದಿನ ಅಭ್ಯಾಸ: ನಮ್ಮ ಲೋಟ ನಮ್ಮ ಕೈಯಲ್ಲಿರಲಿ. ಕಣ್ಣು ತಪ್ಪಿದ್ದನ್ನು, ಅಪರಿಚಿತರು ಕೊಟ್ಟದ್ದನ್ನು ಕುಡಿಯುವುದು ಬೇಡ. ಜೊತೆಯವರಿಗೆ ಇದ್ದಕ್ಕಿದ್ದಂತೆ ತಲೆ ಸುತ್ತಿದರೆ ಒಂಟಿಯಾಗಿ ಬಿಡದೆ ವೈದ್ಯರ ಬಳಿ ಕರೆದೊಯ್ಯೋಣ. ಅದೂ ಶೀಲವೇ.

ಜೈ ಭೀಮ್ 💙