ಕೊಯ್ಲಿನ ಹಂಗಾಮಿನಲ್ಲಿ ಬಚ್ಚಲುಮನೆಯ ರಿಪೇರಿ



ಹಿಮ ಬೀಳುವ ದೇಶಗಳ ರೈತನಿಗೆ ಚಳಿಗಾಲವೆಂದರೆ ಬಿಡುವಿನ ಕಾಲ. ಹೊಲ ಮಲಗಿರುತ್ತದೆ, ಅವನು ಮನೆಯೊಳಗಿನ ನೆಲ, ನಲ್ಲಿ, ಬಾಗಿಲುಗಳ ದುರಸ್ತಿಗೆ ಕೈ ಹಾಕುತ್ತಾನೆ. ನಮ್ಮ ಕಥೆ ಇದಕ್ಕೆ ತೀರಾ ತಿರುಗುಮುರುಗು. ಕಾರ್ತೀಕ ಕಳೆದು ಚಳಿ ಹಿಡಿಯುವ ಹೊತ್ತಿಗೆ ಅರೇಬಿಕಾ ಹಣ್ಣಾಗಿರುತ್ತದೆ, ಅದು ಮುಗಿಯುವುದರೊಳಗೆ ರೊಬಸ್ಟಾ ಕರೆಯುತ್ತದೆ. ಅಡಿಕೆ ಗೊನೆ ಇಳಿಸಿದರೆ ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ವರ್ಷದ ಗಳಿಕೆಯೆಲ್ಲ ಅಂಗಳಕ್ಕೆ ಬಂದು ಬೀಳುವುದು ಈ ಮೂರು ತಿಂಗಳಲ್ಲೇ. ಆದರೆ ಬಚ್ಚಲಿನ ನೆಲ ಜಾರುತ್ತದೆ, ಹಂಡೆಯ ಒಲೆ ಹೊಗೆಯಾಡುತ್ತದೆ, ವಯಸ್ಸಾದವರಿಗೆ ತಣ್ಣೀರು ಆಗದು ಎಂಬುದು ನೆನಪಾಗುವುದೂ ಇದೇ ಚಳಿಯಲ್ಲಿ. ಎರಡೂ ಕೆಲಸ ಒಟ್ಟಿಗೆ ಬಂದಾಗ ಹೇಗೆ ಸಂಭಾಳಿಸಬೇಕೆಂಬುದೇ ಈ ಲೇಖನದ ವಿಷಯ.

ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಮಲೆನಾಡಿನವರು. ಆದರೂ ಉದಾಹರಣೆಗೆ ಬೆಂಗಳೂರಿನ ಉತ್ತರದ ಅಂಚಿನ ಒಂದು ಹಿಡುವಳಿಯನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಈ ಎರಡು ಕೆಲಸಗಳ ಜಗ್ಗಾಟ ಅಲ್ಲಿ ಚೆನ್ನಾಗಿ ಕಾಣುತ್ತದೆ. ಯಲಹಂಕ ದಾಟಿ ರಾಜಾನುಕುಂಟೆಯ ಕಡೆ ನಮ್ಮ ಭಾವನವರದು ಒಂದು ಎಕರೆ ಅಡಿಕೆ, ಒಂದಿಷ್ಟು ರಾಗಿ-ಅವರೆ, ಎರಡು ಹಸು. ಕೊಳವೆಬಾವಿಯೊಂದೇ ನೀರಿನ ಆಸರೆ. ಮೂರು ಫೇಸ್ ಕರೆಂಟು ಬಂದಾಗಲೇ ಮೋಟಾರು ಓಡಬೇಕು. ಕಳೆದ ಮಾರ್ಗಶಿರದಲ್ಲಿ ಅವರ ತಾಯಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆಗೆ ಪೆಟ್ಟು ಮಾಡಿಕೊಂಡರು. ಎಂಬತ್ತರ ಹತ್ತಿರದ ಜೀವ. ಆಸ್ಪತ್ರೆಯಿಂದ ಮರಳುವ ಹೊತ್ತಿಗೆ ಬಚ್ಚಲು ಸರಿಯಾಗಿರಲೇಬೇಕು. ಅತ್ತ ಕಡೆಯ ಕೊಯ್ಲಿನ ಅಡಿಕೆ ಮರದಲ್ಲಿದೆ, ರಾಗಿ ಮೆದೆ ಒಕ್ಕಣೆಗೆ ಕಾದಿದೆ. ಚೇಣಿಗೆ ತೋಟ ಕೊಟ್ಟವರಿಗಾದರೆ ಈ ಚಿಂತೆ ಅರ್ಧ. ಸ್ವಂತ ಸುಲಿದು ಬೇಯಿಸುವವರಿಗೆ ಪೂರ್ತಿ.

ಮೊದಲು ಲೆಕ್ಕ ಹಾಕಬೇಕಾದದ್ದು ದಿವಸಗಳನ್ನು. ಮೇಸ್ತ್ರಿ ಬಂದು ನೋಡಿ, “ಮೂರು ದಿವಸದ ಕೆಲಸ, ಯಜಮಾನ್ರೇ” ಎನ್ನುತ್ತಾನೆ. ಅವನು ಸುಳ್ಳು ಹೇಳುವುದಿಲ್ಲ; ತನ್ನ ಕೈ ಆಡುವ ದಿವಸಗಳನ್ನು ಮಾತ್ರ ಎಣಿಸುತ್ತಾನೆ. ಗಾರೆ ಕಾಯುವ ದಿವಸಗಳನ್ನು ಎಣಿಸಬೇಕಾದವರು ನಾವು. ಹಳೆ ನೆಲ ಒಡೆದು ಎತ್ತಲು ಒಂದು ದಿನ, ಕೊಳವೆ ಕೂರಿಸಲು ಎರಡು ದಿನ, ಸಿಮೆಂಟು ಗಾರೆ ಹಾಕಿದ ಮೇಲೆ ನೀರುಣಿಸಲು ಕನಿಷ್ಠ 7 ದಿನ. ಬೂದಿ ಬೆರೆಸಿದ ಪಿ.ಪಿ.ಸಿ. ಸಿಮೆಂಟಾದರೆ 10 ದಿನವೆಂದಿಟ್ಟುಕೊಳ್ಳಿ. ಆಮೇಲೆ ನೀರು ಸೋರದ ಲೇಪ, ಅದು ಒಣಗಿದ ಮೇಲೆ ಕೊಳವೆಯ ಬಾಯಿ ಕಟ್ಟಿ ಎರಡಂಗುಲ ನೀರು ನಿಲ್ಲಿಸಿ ಎರಡು ದಿನ ಪರೀಕ್ಷೆ, ಕೊನೆಗೆ ಕಲ್ಲು ಅಥವಾ ಟೈಲ್ಸು. ಎಲ್ಲ ಕೂಡಿದರೆ ಹದಿನೈದರಿಂದ ಹದಿನೆಂಟು ದಿನ. ನೀರು ನಿಲ್ಲಿಸಿ ನೋಡುವ ಪರೀಕ್ಷೆಯನ್ನು ಅವಸರದಲ್ಲಿ ಬಿಟ್ಟವರ ಗೋಡೆ ಮುಂದಿನ ಮಳೆಗಾಲದಲ್ಲಿ ಒಸರುತ್ತದೆ, ಆಗ ಹೊಸ ನೆಲವನ್ನೇ ಮತ್ತೆ ಒಡೆಯಬೇಕು.

ಈ ಲೆಕ್ಕದಲ್ಲಿ ಒಂದು ಅನುಕೂಲವೂ ಅಡಗಿದೆ. ಹದಿನೆಂಟು ದಿನಗಳಲ್ಲಿ ಮನೆಯವರ ಗಮನ ಪೂರ್ತಿ ಬೇಕಾಗುವುದು ಆರೇಳು ದಿನ ಮಾತ್ರ. ಗಾರೆ ಕಾಯುವ ವಾರದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗೋಣಿತಾಟು ನೆನೆಸುವುದಷ್ಟೇ ಕೆಲಸ. ಅದನ್ನು ಶಾಲೆಗೆ ಹೋಗುವ ಹುಡುಗನೂ ಮಾಡಬಲ್ಲ. ಆ ವಾರಕ್ಕೆ ಸರಿಯಾಗಿ ಅಡಿಕೆ ಕೊಯ್ಲನ್ನು ಹೊಂದಿಸಬೇಕು. ಗೊನೆ ಇಳಿಸಿದ ಮೇಲೆ ಹಸಿ ಅಡಿಕೆ ಕಾಯುವುದಿಲ್ಲ. ತಡಮಾಡಿದರೆ ಬಣ್ಣ ಕೆಡುತ್ತದೆ. ಆದ್ದರಿಂದ ಒಡೆಯುವ, ಕೊಳವೆ ಕೂರಿಸುವ ದಿನಗಳಲ್ಲಿ ಗೊನೆ ಇಳಿಸಲೇಬಾರದು. ಮರದಲ್ಲಿರುವ ಗೊನೆ ಮೂರು ದಿನ ತಾಳುತ್ತದೆ, ಕೊಯ್ದದ್ದು ತಾಳುವುದಿಲ್ಲ. ಕಾಫಿಗೂ ಇದೇ ಮಾತು. ಪಲ್ಪ್ ಮಾಡುವವರು ಹಣ್ಣನ್ನು ಅಂದಂದೇ ಪಲ್ಪ್ ಮಾಡಬೇಕು. ಅಂದು ತೊಟ್ಟಿಯ ನೀರೆಲ್ಲ ಗಾರೆಯವರ ಪಾಲಾಗಿದ್ದರೆ ಗತಿಯೇನು? ಕೊಯ್ಲಿನ ದಿನದ ನೀರನ್ನು ಹಿಂದಿನ ದಿನವೇ ಬೇರೆ ಡ್ರಮ್ಮಿನಲ್ಲಿ ತುಂಬಿಟ್ಟು, ಅದಕ್ಕೆ ಯಾರೂ ಕೈ ಹಾಕದಂತೆ ಹೇಳಿಡಿ.

ಗಾರೆ ಕೆಲಸದವರು ಸಿಗುವ ಕಾಲವನ್ನೂ ನೋಡಿಕೊಳ್ಳಬೇಕು. ಕಾರ್ತೀಕದಲ್ಲಿ ಅವರು ಗೃಹಪ್ರವೇಶದ ಮನೆಗಳನ್ನು ಮುಗಿಸುವ ಓಟದಲ್ಲಿರುತ್ತಾರೆ. ಡಿಸೆಂಬರ್ ಮಧ್ಯದಲ್ಲಿ ಧನುರ್ಮಾಸ ಹಿಡಿದ ಮೇಲೆ ಹೊಸ ಮನೆಯ ಶುಭಕಾರ್ಯಗಳು ನಿಲ್ಲುತ್ತವೆ. ರಿಪೇರಿಗೆ ಮುಹೂರ್ತದ ಹಂಗಿಲ್ಲವಾದ್ದರಿಂದ ನಮಗೆ ಅದೇ ಸಂದು. ಆದರೆ ಸಂಕ್ರಾಂತಿಗೆ ಎಲ್ಲರೂ ಊರಿಗೆ ಹೋಗುತ್ತಾರೆ. ಹೋದವರು ಇಂಥ ದಿನವೇ ಬರುತ್ತಾರೆಂದು ನಂಬುವಂತಿಲ್ಲ. ಜನವರಿ ಹತ್ತರ ಒಳಗೆ ನೆಲ ಮುಗಿಯುವುದಿಲ್ಲವೆಂದು ಕಂಡರೆ ಆಗ ಒಡೆಯಲು ಹೋಗದೆ ಹಬ್ಬದ ನಂತರ ಹಿಡಿಯುವುದೇ ವಾಸಿ. ಮನೆಯಲ್ಲಿ ತುರ್ತಿಲ್ಲದವರಿಗೆ ನನ್ನ ಸಲಹೆ, ಕೊಯ್ಲು ಮುಗಿದು ಹೂಮಳೆಗೆ ಕಾಯುವ ಫೆಬ್ರವರಿ ಕೊನೆ, ಮಾರ್ಚಿ ಮೊದಲು. ರೊಬಸ್ಟಾಕ್ಕೆ ತುಂತುರು ನೀರು ಹಾಯಿಸುವವರು ಮಾತ್ರ ಆ ಪಾಳಿ ಕಳೆದ ಮೇಲೆ ಹಿಡಿಯಬೇಕು.

ಆಳಿನ ವಿಷಯದಲ್ಲಿ ಒಂದು ಎಚ್ಚರಿಕೆ. ತೋಟದ ಆಳನ್ನು “ಒಂದು ದಿನ ಮಣ್ಣು ಹೊರು” ಎಂದು ಬಚ್ಚಲಿಗೆ ಕಳಿಸುವುದು ಸುಲಭ. ಅದರಿಂದ ತಪ್ಪಿಹೋಗುವುದು ಕಣ್ಣಿಗೆ ಕಾಣದ ಕೆಲಸ. ಕಾಫಿ ಕೊಯ್ಲಿನ ಕೊನೆಗೆ ಗಿಡದಲ್ಲಿ ಉಳಿದದ್ದು, ನೆಲಕ್ಕೆ ಉದುರಿದ್ದು ಎಲ್ಲವನ್ನೂ ಆಯಬೇಕಷ್ಟೆ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ನಮ್ಮ ದೇಶದಲ್ಲಿ ಮೊದಲಬಾರಿಗೆ ಕಾಣಿಸಿಕೊಂಡ ಕಾಯಿಕೊರಕ ಬದುಕಿ ಮುಂದಿನ ಫಸಲಿಗೆ ದಾಟುವುದು ಈ ಉಳಿದ ಕಾಯಿಗಳಲ್ಲಿಯೇ. ಬಚ್ಚಲಿಗೆ ಬೇರೆ ಆಳು ಹಿಡಿಯಿರಿ. ಎರಡು ದಿನದ ಕೂಲಿ ಉಳಿಸಲು ಹೋಗಿ ಇಡೀ ವರ್ಷ ಹುಳುವಿಗೆ ಕೂಲಿ ಕೊಡಬೇಡಿ.

ಅಂಗಳವನ್ನು ಕಾಪಾಡುವುದು ಇನ್ನೊಂದು. ಮರಳಿನ ಟ್ರಾಕ್ಟರಿನವನಿಗೆ ಸಪಾಟಾಗಿರುವ ಜಾಗ ಕಂಡರೆ ಅಲ್ಲೇ ಸುರಿಯುತ್ತಾನೆ; ಆ ಸಪಾಟು ಜಾಗವೇ ನಮ್ಮ ಕಣ, ನಮ್ಮ ಒಣಗಿಸುವ ಅಂಗಳ. ಅವನು ಬರುವ ಮೊದಲೇ ಸುರಿಯುವ ಜಾಗಕ್ಕೆ ಗೂಟ ನೆಟ್ಟಿರಬೇಕು. ರಾಗಿಗೆ ಮರಳು ಸೇರಿದರೆ ಮುದ್ದೆಯಲ್ಲಿ ಕರಕರ ಎಂದೇ ತಿಳಿಯುತ್ತದೆ. ಕಾಫಿಯದು ಇನ್ನೂ ಸೂಕ್ಷ್ಮ, ಅದು ವಾಸನೆ ಹೀರುವ ಪದಾರ್ಥ. ಬಣ್ಣ, ಫಿನಾಯಿಲು, ಸೀಮೆಎಣ್ಣೆ, ಲೇಪದ ಡಬ್ಬಿಗಳನ್ನು ಕಾಫಿ ಮೂಟೆಯಿರುವ ಕೋಣೆಯಲ್ಲಿ ಇಡಲೇಬಾರದು. ಒಡೆದ ಟೈಲ್ಸಿನ ಚೂರನ್ನು ತೋಟದ ಬದುವಿಗೆ ಎಸೆಯುವ ಅಭ್ಯಾಸವೂ ಒಳ್ಳೆಯದಲ್ಲ. ಹುಲ್ಲು ಕೊಯ್ಯುವವರ ಬರಿಗಾಲಿಗೆ ಅದು ವರ್ಷಗಟ್ಟಲೆ ಕಾದಿರುತ್ತದೆ.

ಹದಿನೆಂಟು ದಿನ ಸ್ನಾನಕ್ಕೇನು ಮಾಡುವುದು? ಭಾವನವರು ಹಿತ್ತಲಿನಲ್ಲಿ ನಾಲ್ಕು ಕಂಬ ನೆಟ್ಟು, ತೆಂಗಿನ ಗರಿಯ ತಟ್ಟಿ ಕಟ್ಟಿ, ಒಳಗೆ ಒಂದು ಚಪ್ಪಡಿ ಹಾಕಿಸಿದರು. ಹಂಡೆಯನ್ನು ಮೊದಲೇ ಅಲ್ಲಿಗೆ ಸಾಗಿಸಿದರು. ಅಡಿಕೆ ಬೇಯಿಸಿದ ದಿನ ಒಲೆಯಲ್ಲಿ ಉಳಿದ ಕೆಂಡದ ಮೇಲೆ ನೀರಿನ ಪಾತ್ರೆ ಏರಿಸಿದರೆ ಮನೆಮಂದಿಗೆಲ್ಲ ಬೇರೆ ಸೌದೆ ಬೇಕಾಗಲಿಲ್ಲ. ಉತ್ತರ ಬೆಂಗಳೂರಿನ ಚಳಿ ಹಗುರವೆಂದು ತಿಳಿಯಬೇಡಿ. 1884ರ ಜನವರಿ 13ರಂದು ಬೆಂಗಳೂರಿನಲ್ಲಿ ಉಷ್ಣಾಂಶ 7.8 ಡಿಗ್ರಿಗೆ ಇಳಿದದ್ದು ದಾಖಲೆಯಲ್ಲಿದೆ. ತಟ್ಟಿಗೆ ಗಾಳಿ ಬೀಸುವ ದಿಕ್ಕಿನಲ್ಲಿ ಎರಡು ಪದರ ಬೇಕು.

ಈಗ ನೆಲದ ಮಾತಿಗೆ ಬರೋಣ. ಅಂಗಡಿಯಲ್ಲಿ ಕನ್ನಡಿಯಂತೆ ಹೊಳೆಯುವ ಟೈಲ್ಸು ತೋರಿಸುತ್ತಾರೆ. ಸಾಬೂನು ನೀರು ಬಿದ್ದರೆ ಅದು ಪಾಚಿಗಟ್ಟಿದ ಬಂಡೆಗೆ ಸಮ. ದೇವನಹಳ್ಳಿ ಕಡೆಯ ಬೂದುಬಣ್ಣದ ಸಾದರಹಳ್ಳಿ ಕಲ್ಲನ್ನು ಬೆಂಗಳೂರಿನ ಹಳಬರೆಲ್ಲ ಬಲ್ಲರು. ಅದನ್ನು ಪಾಲಿಷ್ ಮಾಡಿಸದೆ, ಉಳಿಯಿಂದ ಹದವಾಗಿ ಒರಟು ಮಾಡಿಸಿ ಹಾಕಿದರೆ ಕಾಲು ನಿಲ್ಲುತ್ತದೆ. ಇಳಿಜಾರು ಮೀಟರಿಗೆ ಒಂದರಿಂದ ಒಂದೂವರೆ ಸೆಂಟಿಮೀಟರು ಸಾಕು. ಕಡಿಮೆಯಾದರೆ ನೀರು ನಿಲ್ಲುತ್ತದೆ, ಹೆಚ್ಚಾದರೆ ಮುದುಕರ ಕಾಲು ಸೋಲುತ್ತದೆ. ಬಾಗಿಲು ಎರಡೂವರೆ ಅಡಿಗಿಂತ ಕಿರಿದಾಗಿರಬಾರದು, ಮತ್ತು ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ಮುರಿಯದೆ ಗತಿಯಿಲ್ಲ. ಭಾವನವರ ಮನೆಯಲ್ಲಿ ಅಂದು ಆದದ್ದೂ ಅದೇ. ಗೋಡೆಯ ಹಿಡಿಯನ್ನು ಬರೀ ಗಾರೆಗೆ ತಿರುಪು ಹಾಕಿ ನಿಲ್ಲಿಸದೆ, ಇಟ್ಟಿಗೆಯೊಳಕ್ಕೆ ಇಳಿಸಿ ಸಿಮೆಂಟು ತುಂಬಬೇಕು. ಆಳು ಜೋತುಬಿದ್ದು ನೋಡಿದ ಮೇಲೆಯೇ ಅಜ್ಜಿಯ ಕೈಗೆ ಅದನ್ನು ಒಪ್ಪಿಸುವುದು.

ಕಮೋಡು ಕೊಳ್ಳುವವರಿಗೆ ಒಂದು ಮಾತು. ನವೆಂಬರ್ ಸುಮಾರಿಗೆ ಹೆಬ್ಬಾಳದ ಜಿ.ಕೆ.ವಿ.ಕೆ.ಯ ಕೃಷಿಮೇಳಕ್ಕೆಂದು ಶಿವಮೊಗ್ಗದ ರೈಲಿನಲ್ಲಿ ಬಂದು ಯಶವಂತಪುರದಲ್ಲಿ ಇಳಿಯುವ ಸದಸ್ಯರು, ಬಂದ ಖರ್ಚಿಗೆ ಇದೂ ಆಗಲೆಂದು ಸಾಮಾನು ಕಟ್ಟಿಸಿಕೊಂಡು ಹೋಗುವುದುಂಟು. ಕೊಳವೆ ನೆಲಕ್ಕೆ ಇಳಿಯುತ್ತದೆಯೋ ಗೋಡೆಗೆ ಹೋಗುತ್ತದೆಯೋ, ಗೋಡೆಯಿಂದ ಕೊಳವೆಯ ನಡುಮಧ್ಯಕ್ಕೆ ಎಷ್ಟು ಅಂಗುಲ ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳದೆ ಹೊರಡಬೇಡಿ. ಹೊಂದದ ಕಮೋಡನ್ನು ರೈಲಿನಲ್ಲಿ ವಾಪಸು ತರುವುದಕ್ಕಿಂತ ಅಡಿಕೆ ಮೂಟೆ ಹೊರುವುದು ಮೇಲು.

ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಬಿಸಿನೀರಿನ ವ್ಯವಸ್ಥೆ. ನಮ್ಮ ಹಳೆಯ ಬಚ್ಚಲು ಹಂಚಿನ ಸಂದಿಯಿಂದ, ಮರದ ಜಾಲಂಧ್ರದಿಂದ ಉಸಿರಾಡುತ್ತಿತ್ತು. ಹೊಸದಕ್ಕೆ ತಾರಸಿ, ಗಾಜು, ಸಂದಿಲ್ಲದ ಬಾಗಿಲು. ಅಂಥ ಡಬ್ಬಿಯೊಳಗೆ ಗ್ಯಾಸ್ ಗೀಸರು ಹಾಕಿದರೆ ಉರಿಗೆ ಗಾಳಿ ಸಾಲದೆ ಇಂಗಾಲದ ಮಾನಾಕ್ಸೈಡು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ತಲೆಸುತ್ತಿ ಕುಸಿಯುತ್ತಾರೆ, ಕೂಗಲೂ ಆಗುವುದಿಲ್ಲ. ಬೆಂಗಳೂರಿನಲ್ಲಿ ಹೀಗೆ ಜೀವ ಕಳೆದುಕೊಂಡವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಗ್ಯಾಸ್ ಗೀಸರು ಬೇಕೇ ಬೇಕೆಂದರೆ ಅದು ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ. ಕೊಳವೆಯಲ್ಲಿ ನೀರು ಮಾತ್ರ ಒಳಗೆ ಬರಲಿ. ಹಂಡೆಗೂ ಇದೇ ನಿಯಮ: ಒಲೆಯ ಬಾಯಿ ಹೊರಗೆ, ಹೊಗೆಗೆ ಚಿಮಣಿ. ಮುಚ್ಚಲಾಗದ ಜಾಲಂಧ್ರ ಮೇಲೊಂದು, ಕೆಳಗೊಂದು ಇರಬೇಕು. ಚಳಿಯೆಂದು ಅದಕ್ಕೆ ಗೋಣಿ ತುರುಕಬಾರದು. ವಿದ್ಯುತ್ ಹೀಟರಾದರೆ ಸರಿಯಾದ ಅರ್ಥಿಂಗ್ ಜೊತೆಗೆ 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಸ್ವಿಚ್ಚು ಹಾಕಿಸಿ, ಅಂಗಡಿಯಲ್ಲಿ ಆರ್.ಸಿ.ಸಿ.ಬಿ. ಎಂದು ಕೇಳಬೇಕು.

ಅಡಿಕೆ ಸಿಪ್ಪೆ ಕೈತುಂಬ ಇರುವ ನಮಗೆ ಹಂಡೆಯನ್ನು ಪೂರ್ತಿ ಬಿಡುವ ಕಾರಣ ಕಾಣದು. ಒಲೆಯನ್ನು ಸುಧಾರಿಸಿದರೆ ಸಾಕು. ಯಶವಂತಪುರಕ್ಕೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆಯನ್ನು ಹಿರಿಯ ಸದಸ್ಯರು ನೆನೆದಾರು. ಉರಿ ಪಾತ್ರೆಗೆ ತಗಲಿಯೇ ಹೊರಹೋಗಬೇಕು, ಗಾಳಿ ಬೇಕಾದಷ್ಟೇ ಒಳಬರಬೇಕು ಎಂಬ ಅದರ ತತ್ವ ಹಂಡೆ ಒಲೆಗೂ ಸಲ್ಲುತ್ತದೆ. ಬೂದಿ ಬೀಳಲು ಕೆಳಗೆ ಜಾಲರಿ, ಹಂಡೆಯ ಸುತ್ತ ಎರಡು ಬೆರಳಿನ ಸಂದು, ಹಿಂದೆ ಚಿಮಣಿ. ಇಷ್ಟು ಮಾಡಿದರೂ ಸೌದೆ ಇಳಿಯುವುದು ಕಾಣುತ್ತದೆ.

ಇನ್ನು ಬಚ್ಚಲ ನೀರು. ಐದು ಜನರ ಮನೆಯಲ್ಲಿ ಸ್ನಾನ, ಬಟ್ಟೆ ಸೇರಿ ದಿನಕ್ಕೆ 200 ಲೀಟರಿಗೆ ಕಡಿಮೆಯಾಗದು. ಹನಿ ನೀರಾವರಿಯಲ್ಲಿ ಬೇಸಗೆಯ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರು ಬೇಕು. ಅಂದರೆ ಹತ್ತು ಮರಕ್ಕಾಗುವಷ್ಟು ನೀರು ದಿನವೂ ಮೋರಿಗೆ ಹೋಗುತ್ತಿದೆ. ನೆಲ ಒಡೆದಿರುವಾಗಲೇ ಕಕ್ಕಸಿನ ಕೊಳವೆಯನ್ನೂ ಬಚ್ಚಲ ಕೊಳವೆಯನ್ನೂ ಬೇರೆ ಮಾಡಿಬಿಡಬೇಕು. ಆಮೇಲೆ ಬೇರ್ಪಡಿಸಲು ಆಗುವುದಿಲ್ಲ. ಕಕ್ಕಸಿನದು ಗುಂಡಿಗೆ ಹೋಗಲಿ. ಆ ಗುಂಡಿ ಕುಡಿಯುವ ನೀರಿನ ಬಾವಿಯಿಂದ 15 ಮೀಟರಿಗಿಂತ ದೂರವಿರಬೇಕು, ಇಳಿಜಾರಿನಲ್ಲಿ ಬಾವಿಗಿಂತ ಕೆಳಗಿರಬೇಕು. ಬಚ್ಚಲದ್ದು ಮೊದಲು ಜಲ್ಲಿ-ಮರಳಿನ ಸಣ್ಣ ತೊಟ್ಟಿಗೆ, ಅಲ್ಲಿಂದ ಕೆಸು, ಬಾಳೆಯ ಪಾತಿಗೆ, ಮಿಕ್ಕದ್ದು ಅಡಿಕೆಗೆ. ನಮ್ಮಜ್ಜಿಯರು ಬಚ್ಚಲ ಹಿಂದೆ ಬಾಳೆ ನೆಟ್ಟದ್ದು ಸುಮ್ಮನೆ ಅಲ್ಲ. ಯಲಹಂಕದ ಪಕ್ಕದ ಜಕ್ಕೂರು ಕೆರೆಯಲ್ಲಿ ಇದನ್ನೇ ದೊಡ್ಡದಾಗಿ ನೋಡಬಹುದು: ಶುದ್ಧೀಕರಣ ಘಟಕದಿಂದ ಬಂದ ಕೊಳಚೆ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ. ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆಯಲ್ಲಿ ನಗರದ ಸಂಸ್ಕರಿಸಿದ ನೀರು ಚಿಕ್ಕಬಳ್ಳಾಪುರದ ಕೆರೆಗಳವರೆಗೂ ಹೋಗುತ್ತಿದೆ. ಊರ ನೀರು ಅಷ್ಟು ದೂರ ಹೋಗುವಾಗ ನಮ್ಮ ಬಚ್ಚಲ ನೀರು ಹಿತ್ತಲು ದಾಟಲಾರದೇ? ಫಿನಾಯಿಲು, ಬ್ಲೀಚಿಂಗ್ ಪುಡಿ, ಆಸಿಡ್ ಹಾಕಿ ತೊಳೆದ ದಿನ ಮಾತ್ರ ನೀರನ್ನು ಮೋರಿಗೆ ತಿರುಗಿಸಬೇಕು. ಒಂದೇ ಮರದ ಬುಡಕ್ಕೆ ವರ್ಷವಿಡೀ ಸಾಬೂನು ನೀರು ಬಿಟ್ಟರೆ ಮಣ್ಣು ಬಿಗಿಯುತ್ತದೆ. ವಾರಕ್ಕೊಮ್ಮೆ ಸಾಲು ಬದಲಿಸಿ.

ಹಣದ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಟೈಲ್ಸಿನ ಅಂಗಡಿಯ ಬಾಕಿ ತೀರಿಸಲು ಅರೆ ಒಣಗಿದ ಅಡಿಕೆಯನ್ನೋ, ತೇವ ಇಳಿಯದ ಕಾಫಿಯನ್ನೋ ಸಿಕ್ಕಿದ ಬೆಲೆಗೆ ಮಾರಿದರೆ ನಷ್ಟ ಬಚ್ಚಲಿನ ಖರ್ಚನ್ನೂ ಮೀರಬಹುದು. ಒಣಗಿದ ಮಾಲನ್ನು ಸಹಕಾರ ಸಂಘದ ಗೋದಾಮಿನಲ್ಲಿಟ್ಟು ಅಡಮಾನ ಸಾಲ ಪಡೆಯುವ ಏರ್ಪಾಡು ಇಂಥ ಹೊತ್ತಿಗೆಂದೇ ಇರುವುದು. ಕೆಲಸ ಶುರುಮಾಡುವ ಮುನ್ನವೇ ನಿಮ್ಮ ಸಂಘದ ಕಾರ್ಯದರ್ಶಿಗಳನ್ನು ಕಂಡು ಮಾತಾಡಿ. ಮೇಸ್ತ್ರಿಗೆ ಪೂರ್ತಿ ಹಣ ಮುಂಗಡ ಕೊಡದೆ, ಕೊನೆಯ ಕಂತನ್ನು ನೀರು ನಿಲ್ಲಿಸಿದ ಪರೀಕ್ಷೆ ಮುಗಿಯುವ ತನಕ ಹಿಡಿದುಕೊಳ್ಳಬೇಕು.

ಭಾವನವರ ಬಚ್ಚಲು ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಮುಗಿಯಿತು. ಅಡಿಕೆಯಲ್ಲಿ ಒಂದು ಬೇಯಿಸುವಿಕೆ ತಡವಾಗಿ ಬಣ್ಣ ಸ್ವಲ್ಪ ಕುಂದಿತು, ರಾಗಿ ಒಕ್ಕಣೆ ಹಬ್ಬ ಕಳೆದು ಆಯಿತು. ಅತ್ತೆಯವರು ಈಗ ಮಣೆಯ ಬದಲು ಸ್ಟೂಲಿನ ಮೇಲೆ ಕುಳಿತು ಸ್ನಾನ ಮಾಡುತ್ತಾರೆ. ಬಾಗಿಲ ಚಿಲಕ ಮಾತ್ರ ಹಾಕಿಕೊಳ್ಳಬಾರದೆಂದು ಮನೆಯವರು ಅದನ್ನು ತೆಗೆಸಿಯೇ ಬಿಟ್ಟಿದ್ದಾರೆ.